ಏಸಿ ಹಾಕಿದರೆ ಎಂಜಿನ್ ಏಕೆ ಸೋಲುತ್ತದೆ? ಹಿಟ್ಟಿನ ಗಿರಣಿಯಿಂದ ಸ್ಪೋರ್ಟ್ಸ್ ಕಾರಿನವರೆಗೆ

ಹಳ್ಳಿಯ ಹಿಟ್ಟಿನ ಗಿರಣಿಯ ಮುಂದೆ ನಿಂತು ಅದರ ಸದ್ದನ್ನು ನೀವು ಎಂದಾದರೂ ಗಮನವಿಟ್ಟು ಕೇಳಿದ್ದೀರಾ? ನಾನು ಹುಡುಗನಾಗಿದ್ದಾಗ ಕಲಾದಗಿ ಸುತ್ತಮುತ್ತ ಅನೇಕ ಗಿರಣಿಗಳು ಡೀಸೆಲ್ ಎಂಜಿನ್ನಿನಿಂದ ನಡೆಯುತ್ತಿದ್ದವು. ಜೋಳದ ಬುಟ್ಟಿ ಹಿಡಿದು ಸರದಿಯಲ್ಲಿ ಕುಳಿತವರಿಗೆ, ಒಳಗೆ ಯಾರ ಜೋಳ ಬಿತ್ತು ಎಂಬುದು ಸದ್ದಿನಿಂದಲೇ ಗೊತ್ತಾಗುತ್ತಿತ್ತು. ಕಾಳು ಬೀಸುಗಲ್ಲಿಗೆ ಇಳಿದೊಡನೆ ಎಂಜಿನ್ನಿನ ಸದ್ದು ಒಂದು ಕ್ಷಣ ತಗ್ಗುತ್ತಿತ್ತು. ಮರುಕ್ಷಣವೇ ಯಾರೂ ಮುಟ್ಟದಿದ್ದರೂ ಅದು ದಮ್ಮು ಹಿಡಿದು ಮೊದಲಿನ ಲಯಕ್ಕೆ ಮರಳುತ್ತಿತ್ತು. ಕಾಳು ಮುಗಿದಾಗ ಹುಚ್ಚೆದ್ದು ಓಡುತ್ತಲೂ ಇರಲಿಲ್ಲ.

ಈ ಸದ್ದು ನನಗೆ ಮತ್ತೆ ನೆನಪಾದದ್ದು ಕೆಲವು ವರ್ಷಗಳ ಹಿಂದೆ, ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ. ನಾನು ಕಾಕಾ ಎಂದೇ ಕರೆಯುವ ಸಂಬಂಧಿಕರೊಬ್ಬರು ಮುಂಬೈಯಲ್ಲಿ ನಿವೃತ್ತರಾಗಿ ಕಲಾದಗಿಯ ದಾಳಿಂಬೆ ತೋಟಕ್ಕೆ ಬಂದು ನೆಲೆಸಿದ್ದರು. ಜೊತೆಗೆ ತಾವು ಪ್ರೀತಿಯಿಂದ ಕಾಪಾಡಿಕೊಂಡಿದ್ದ 1970ರ ದಶಕದ ಎರಡು ಬಾಗಿಲಿನ ಸ್ಪೋರ್ಟ್ಸ್ ಕಾರನ್ನೂ ತಂದಿದ್ದರು. ಏಸಿಯನ್ನು ಅದಕ್ಕೆ ಆಮೇಲೆ ಕೂರಿಸಲಾಗಿತ್ತು. ಮುಂಬೈಯಲ್ಲಿ ತಕರಾರಿಲ್ಲದೆ ಓಡಿದ ಗಾಡಿ ಇಲ್ಲಿ ಹಟ ಹಿಡಿಯಿತು. ರಸ್ತೆ ತೆರವಾಗಿದ್ದರೆ ಹುಲಿಯಂತೆ ಓಡುವುದು. ಕಬ್ಬಿನ ಟ್ರ್ಯಾಕ್ಟರುಗಳ ಸಾಲಿನ ಹಿಂದೆ ನಿಂತೊಡನೆ ನಡುಗಿ ನಡುಗಿ ಬಂದ್ ಬೀಳುವುದು. ಏಸಿ ಆರಿಸಿದರೆ ಏನೂ ತೊಂದರೆಯಿಲ್ಲ.

ಇದು ಬರಿಯ ಕಿರಿಕಿರಿಯ ಮಾತಲ್ಲ. ಇಂಥ ಕಾರುಗಳಲ್ಲಿ ಬ್ರೇಕಿಗೆ ನೆರವಾಗುವುದು ಎಂಜಿನ್ನಿನ ಹೀರುವಿಕೆಯಿಂದ ಉಂಟಾಗುವ ನಿರ್ವಾತ. ಎಂಜಿನ್ ನಿಂತ ಮೇಲೆ ಒಂದೆರಡು ಸಲ ಒತ್ತುವಷ್ಟು ನಿರ್ವಾತ ಮಾತ್ರ ಉಳಿದಿರುತ್ತದೆ. ಅನಂತರ ಪೆಡಲ್ ಕಲ್ಲಿನಂತೆ ಗಟ್ಟಿಯಾಗುತ್ತದೆ. ಇಳಿಜಾರಿನಲ್ಲಿ ಹಾಗಾದರೆ ಗತಿಯೇನು? ಎಪ್ಪತ್ತು ದಾಟಿದ ಕಾಕಾ ಗಾಡಿಯನ್ನು ಮಾರಿಬಿಡುವ ಮಾತಾಡತೊಡಗಿದ್ದರು.

ಗಿರಣಿಯ ಎಂಜಿನ್ ಹೊರೆ ಬಿದ್ದರೂ ಚೇತರಿಸಿಕೊಳ್ಳುತ್ತದೆ, ಕಾರಿನ ಎಂಜಿನ್ ಸೋಲುತ್ತದೆ. ಏಕೆ? ಇದಕ್ಕೆ ಉತ್ತರ ಹುಡುಕಲು ನಾವು ಇನ್ನೂರು ವರ್ಷಕ್ಕೂ ಹಿಂದೆ ಹೋಗಬೇಕು. ಅಲ್ಲಿ ಸಿಗುವುದೂ ಒಂದು ಹಿಟ್ಟಿನ ಗಿರಣಿಯೇ!

ಎರಡು ಗುಂಡುಗಳ ಯಂತ್ರ

ಲಂಡನ್ನಿನ ಥೇಮ್ಸ್ ನದಿಯ ದಡದಲ್ಲಿ 1780ರ ದಶಕದಲ್ಲಿ ಆಲ್ಬಿಯನ್ ಮಿಲ್ಸ್ ಎಂಬ ದೊಡ್ಡ ಹಿಟ್ಟಿನ ಗಿರಣಿ ಇತ್ತು. ಅದನ್ನು ನಡೆಸುತ್ತಿದ್ದವು ಜೇಮ್ಸ್ ವಾಟ್ ಮತ್ತು ಮ್ಯಾಥ್ಯೂ ಬೌಲ್ಟನ್ ಅವರ ಉಗಿ ಎಂಜಿನ್ನುಗಳು. ಬೀಸುಗಲ್ಲುಗಳ ನಡುವಿನ ಅಂತರವನ್ನು ವೇಗಕ್ಕೆ ತಕ್ಕಂತೆ ತಾನಾಗಿ ಸರಿಪಡಿಸುವ ಉಪಕರಣವೊಂದನ್ನು ಬೌಲ್ಟನ್ 1788ರಲ್ಲಿ ಅಲ್ಲಿ ಕಂಡು ವಾಟ್‌ಗೆ ತಿಳಿಸಿದ. ತಿರುಗುವ ಅಕ್ಷಕ್ಕೆ ತೂಗುಹಾಕಿದ ಎರಡು ಗುಂಡುಗಳೇ ಅದರ ಜೀವಾಳ. ವೇಗ ಹೆಚ್ಚಿದಾಗ ಅವು ಹೊರಕ್ಕೆ ಹಾರುತ್ತವೆ, ತಗ್ಗಿದಾಗ ಒಳಕ್ಕೆ ಇಳಿಯುತ್ತವೆ. ಗಾಳಿ ಗಿರಣಿಗಳಲ್ಲಿ ಈ ತತ್ವ ಆಗಲೇ ಬಳಕೆಯಲ್ಲಿತ್ತು. ವಾಟ್ ಮಾಡಿದ್ದು ಅದನ್ನು ಉಗಿಯ ಕವಾಟಕ್ಕೆ ಜೋಡಿಸಿದ್ದು. ಹೊರೆ ಬಿದ್ದು ವೇಗ ತಗ್ಗಿದರೆ ಕವಾಟ ತೆರೆಯುತ್ತದೆ. ವೇಗ ಏರಿದರೆ ಮುಚ್ಚಿಕೊಳ್ಳುತ್ತದೆ. ಇದೇ ಗವರ್ನರ್, ಅಂದರೆ ವೇಗ ನಿಯಂತ್ರಕ. ನಮ್ಮ ಗಿರಣಿಯ ಡೀಸೆಲ್ ಎಂಜಿನ್ನಿನಲ್ಲಿ ಇದ್ದದ್ದೂ ಅದರ ಮರಿಮಗನೇ. ಅಲ್ಲಿ ತೂಕಗಳು ಎಣ್ಣೆಯ ಪ್ರಮಾಣವನ್ನು ಹೆಚ್ಚು ಕಡಿಮೆ ಮಾಡುತ್ತಿದ್ದವು.

ಪರಿಣಾಮವನ್ನು ಅಳೆದು ಅದರಿಂದಲೇ ಕಾರಣವನ್ನು ತಿದ್ದುವ ಈ ಕ್ರಮಕ್ಕೆ ಹಿಮ್ಮಾಹಿತಿ ಎನ್ನುತ್ತಾರೆ. ಇದಕ್ಕೆ ಗಣಿತದ ಬುನಾದಿ ಹಾಕಿದವನು ವಿದ್ಯುತ್ಕಾಂತ ಸಿದ್ಧಾಂತದ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್. 1868ರಲ್ಲಿ ಅವನು ಗವರ್ನರ್‌ಗಳ ಕುರಿತು ಪ್ರಕಟಿಸಿದ ಪ್ರಬಂಧದಲ್ಲಿ ಎರಡು ಮುಖ್ಯ ಸಂಗತಿಗಳಿವೆ. ಮೊದಲನೆಯದು: ವಾಟ್‌ನದರಂಥ ಸರಳ ಸಾಧನ ವೇಗದ ಇಳಿತವನ್ನು ಕಡಿಮೆ ಮಾಡುತ್ತದೆಯೇ ಹೊರತು ಪೂರ್ತಿ ಅಳಿಸುವುದಿಲ್ಲ. ಕವಾಟ ಹೆಚ್ಚು ತೆರೆದಿರಬೇಕಾದರೆ ಗುಂಡುಗಳು ಸ್ವಲ್ಪ ಕೆಳಗೇ ಇರಬೇಕಲ್ಲವೆ? ಇಂಥವನ್ನು ಮ್ಯಾಕ್ಸ್‌ವೆಲ್ 'ಮಾಡರೇಟರ್' ಎಂದು ಕರೆದ. ತಪ್ಪನ್ನು ಕೂಡಿಸುತ್ತ ಹೋಗಿ, ವೇಗ ಮೊದಲಿನ ಬೆಲೆಗೇ ಮರಳುವವರೆಗೆ ತಿದ್ದುವುದು ಮಾತ್ರ ಅವನ ಪ್ರಕಾರ ನಿಜವಾದ 'ಗವರ್ನರ್'. ಎರಡನೆಯದು: ತಿದ್ದುವ ಆತುರ ಅತಿಯಾದರೆ ಯಂತ್ರ ನೆಲೆ ನಿಲ್ಲದೆ ಮೇಲೆ ಕೆಳಗೆ ತೂಗಾಡುತ್ತದೆ. ಹಾಗಾಗದಿರಲು ಯಾವ ಷರತ್ತು ಪೂರೈಸಬೇಕು ಎಂಬುದನ್ನು ಅವನು ಸಮೀಕರಣಗಳಿಂದ ತೋರಿಸಿದ.

ಕಾರಿನೊಳಗೆ ತಂಪು

ಇನ್ನು ಏಸಿಯ ಕಥೆ. ವಿಲ್ಲಿಸ್ ಕ್ಯಾರಿಯರ್ ಎಂಬ ಎಂಜಿನಿಯರ್ 1902ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನ ಒಂದು ಮುದ್ರಣಾಲಯಕ್ಕಾಗಿ ಹವಾನಿಯಂತ್ರಣ ವ್ಯವಸ್ಥೆಯನ್ನು ರೂಪಿಸಿದ. ಉದ್ದೇಶ ಜನರ ಸುಖವಲ್ಲ; ತೇವದಿಂದ ಕಾಗದ ಹಿಗ್ಗಿ ಬಣ್ಣದ ಅಚ್ಚು ಕೆಡುವುದನ್ನು ತಡೆಯುವುದು. ಮೊದಮೊದಲು ಬಳಸುತ್ತಿದ್ದ ಅಮೋನಿಯ, ಗಂಧಕದ ಡೈ ಆಕ್ಸೈಡ್‌ಗಳು ವಿಷಕಾರಿ. ಅವನ್ನು ಕಾರಿನ ಚಿಕ್ಕ ಕೋಣೆಯೊಳಗೆ ತರುವಂತಿರಲಿಲ್ಲ. ಥಾಮಸ್ ಮಿಡ್ಜ್‌ಲಿ ಮತ್ತು ಸಂಗಡಿಗರು ರೂಪಿಸಿ 1930ರಲ್ಲಿ ಜಗತ್ತಿಗೆ ತೋರಿಸಿದ ಡೈಕ್ಲೋರೋ ಡೈಫ್ಲೋರೋ ಮೀಥೇನ್, ಅಂದರೆ ಆರ್-12, ಈ ಅಡ್ಡಿಯನ್ನು ನಿವಾರಿಸಿತು. ಅದು ಹೊತ್ತಿಕೊಳ್ಳದು, ವಿಷವೂ ಅಲ್ಲ.

ಕಾರ್ಖಾನೆಯಲ್ಲೇ ಏಸಿ ಜೋಡಿಸಿ ಮಾರಿದ ಮೊದಲ ಕಾರುಗಳನ್ನು ಅಮೆರಿಕದ ಪ್ಯಾಕರ್ಡ್ ಕಂಪನಿ 1939ರಲ್ಲಿ ಪ್ರದರ್ಶಿಸಿತು. ತಂಪು ಮಾಡುವ ಸುರುಳಿ ಹಿಂದಿನ ಸೀಟಿನ ಬೆನ್ನಿಗಿದ್ದು ಸಾಮಾನು ಇಡುವ ಜಾಗವನ್ನು ನುಂಗಿತ್ತು. ಅದಕ್ಕಿಂತ ಸ್ವಾರಸ್ಯದ ಸಂಗತಿ ಇನ್ನೊಂದಿದೆ: ಅದರ ಸಂಪೀಡಕಕ್ಕೆ, ಅಂದರೆ ಕಂಪ್ರೆಸರ್‌ಗೆ, ಕ್ಲಚ್ ಇರಲಿಲ್ಲ. ಎಂಜಿನ್ ತಿರುಗಿದಷ್ಟು ಹೊತ್ತೂ ಅದು ತಿರುಗಲೇಬೇಕು. ಏಸಿ ಬೇಡವಾದರೆ ಎಂಜಿನ್ ನಿಲ್ಲಿಸಿ, ಕೆಳಗಿಳಿದು, ಬಾನೆಟ್ ಎತ್ತಿ ಬೆಲ್ಟನ್ನೇ ಕಳಚಬೇಕು! 1941ರ ಮಾದರಿಯ ಬಳಿಕ ಪ್ಯಾಕರ್ಡ್ ಇದನ್ನು ಕೈಬಿಟ್ಟಿತು.

ಯುದ್ಧಾನಂತರ, 1953ರಲ್ಲಿ, ಕ್ರೈಸ್ಲರ್ ಮತ್ತು ಜನರಲ್ ಮೋಟರ್ಸ್‌ನ ದೊಡ್ಡ ಕಾರುಗಳಲ್ಲಿ ಏಸಿ ಮರಳಿ ಬಂತು. 1954ರಲ್ಲಿ ನ್ಯಾಷ್ ಕಂಪನಿ ಇಡೀ ವ್ಯವಸ್ಥೆಯನ್ನು ಕಾರಿನ ಮುಂಭಾಗದಲ್ಲೇ ಅಡಕಗೊಳಿಸಿ, ವಿದ್ಯುತ್ಕಾಂತದಿಂದ ಕೂಡುವ, ಬಿಡುವ ಕ್ಲಚ್ಚನ್ನು ಅಳವಡಿಸಿತು. ಒಂದು ಗುಂಡಿ ಒತ್ತಿದರೆ ಹೊರೆ ಏರುತ್ತದೆ, ಇನ್ನೊಮ್ಮೆ ಒತ್ತಿದರೆ ಇಳಿಯುತ್ತದೆ.

ಸ್ಪೋರ್ಟ್ಸ್ ಕಾರುಗಳಿಗೆ ಏಸಿ ತಡವಾಗಿ ಬಂತು. ಅಮೆರಿಕದ ಕಾರ್ವೆಟ್ 1953ರಲ್ಲಿ ಹುಟ್ಟಿದರೂ ಕಾರ್ಖಾನೆಯ ಏಸಿ ಅದಕ್ಕೆ ಸಿಕ್ಕಿದ್ದು 1963ರ ಮಾದರಿಯಲ್ಲಿ. 1961ರಲ್ಲಿ ಬಂದ ಬ್ರಿಟನ್ನಿನ ಜಾಗ್ವಾರ್ ಇ-ಟೈಪ್‌ನಲ್ಲಿ ಬೇಕಾದವರಿಗೆ ಏಸಿ ಕೊಡಲಾರಂಭಿಸಿದ್ದು 1968ರ ಎರಡನೆಯ ಸರಣಿಯಲ್ಲಿ. ತೂಕ, ಜಾಗ, ಬೆಲೆ ಎಲ್ಲವೂ ಅಡ್ಡಿಗಳೇ. ಆದರೆ ಭೌತಶಾಸ್ತ್ರದ ಕಣ್ಣಿಗೆ ಕಾಣುವ ಅಡ್ಡಿ ಬೇರೆಯೇ ಇದೆ. ಓಟಕ್ಕೆಂದು ಹದಗೊಳಿಸಿದ ಎಂಜಿನ್ ನಿಂತಲ್ಲಿ ದುರ್ಬಲ.

ಗಾಳಿಯ ಪಡಿ

ಗಾಡಿ ನಿಂತು, ಎಂಜಿನ್ ಮಾತ್ರ ಮೆಲ್ಲಗೆ ತಿರುಗುತ್ತಿರುವ ಸ್ಥಿತಿಯೇ ಐಡ್ಲಿಂಗ್. ಆಗ ಗಾಳಿ ಒಳಹೋಗುವ ಥ್ರಾಟಲ್ ಕವಾಟ ಬಹುಪಾಲು ಮುಚ್ಚಿದ್ದು ಕೂದಲೆಳೆಯ ಸಂದು ಮಾತ್ರ ಉಳಿದಿರುತ್ತದೆ. ಅದರಾಚೆ ಒತ್ತಡ ವಾಯುಮಂಡಲದ ಅರ್ಧಕ್ಕಿಂತ ಕೆಳಗಿರಬಹುದು. ಸಂದಿನ ಆಚೆಯ ಒತ್ತಡ ಈಚೆಯದರ ಸುಮಾರು 0.53 ಪಾಲಿಗಿಂತ ಕಡಿಮೆಯಾದಾಗ, ಸಂದಿನಲ್ಲಿ ಗಾಳಿ ಶಬ್ದದ ವೇಗವನ್ನು ಮುಟ್ಟುತ್ತದೆ. ಆಮೇಲೆ ಆಚೆಯಿಂದ ಎಷ್ಟು ಜೋರಾಗಿ ಹೀರಿದರೂ ಸೆಕೆಂಡಿಗೆ ಒಳಹೋಗುವ ಗಾಳಿಯ ರಾಶಿ ಹೆಚ್ಚುವುದಿಲ್ಲ. ಹರಿವಿನ ಈ ಮಿತಿಯನ್ನು ಫ್ರಾನ್ಸಿನ ಸೇಂಟ್ ವೆನಾ ಮತ್ತು ವಾಂಟ್ಸೆಲ್ 1839ರಷ್ಟು ಹಿಂದೆಯೇ ಗುರುತಿಸಿದ್ದರು. ಅಂದರೆ ಐಡ್ಲಿಂಗ್‌ನಲ್ಲಿರುವ ಎಂಜಿನ್ನಿಗೆ ಸಿಗುವುದು ಸೆಕೆಂಡಿಗೆ ಇಷ್ಟೇ ಎಂದು ಅಳೆದಿಟ್ಟ ಗಾಳಿಯ ಪಡಿ. ಗಾಳಿಗೆ ತಕ್ಕಷ್ಟು ಪೆಟ್ರೋಲು, ಅದಕ್ಕೆ ತಕ್ಕಷ್ಟು ಸಾಮರ್ಥ್ಯ.

ಉದಾಹರಣೆಗಾಗಿ ಒಂದು ಲೆಕ್ಕ ಮಾಡೋಣ. ಎಂಜಿನ್ ನಿಮಿಷಕ್ಕೆ 800 ಸುತ್ತು ತಿರುಗುತ್ತಿದೆ, ಅಂದರೆ ಸೆಕೆಂಡಿಗೆ ಸುಮಾರು 84 ರೇಡಿಯನ್. ತನ್ನದೇ ಘರ್ಷಣೆಯನ್ನು ಮೀರಲು ಅದಕ್ಕೆ 20 ನ್ಯೂಟನ್-ಮೀಟರ್ ಟಾರ್ಕ್ ಬೇಕು ಎಂದಿಟ್ಟುಕೊಳ್ಳಿ. ಟಾರ್ಕ್ ಮತ್ತು ಕೋನವೇಗಗಳ ಗುಣಲಬ್ಧವೇ ಸಾಮರ್ಥ್ಯ: ಸುಮಾರು 1,680 ವಾಟ್. ಈಗ ಏಸಿ ಹಾಕಿದಿರಿ. ಸಂಪೀಡಕ ಇನ್ನೂ 10 ನ್ಯೂಟನ್-ಮೀಟರ್ ಕೇಳಿತು. ಒಟ್ಟು 30. ಸಾಮರ್ಥ್ಯ ಮಾತ್ರ ಅಷ್ಟೇ. 1,680ನ್ನು 30ರಿಂದ ಭಾಗಿಸಿದರೆ ಸೆಕೆಂಡಿಗೆ 56 ರೇಡಿಯನ್, ಅಂದರೆ ನಿಮಿಷಕ್ಕೆ 530ರ ಆಸುಪಾಸಿನ ಸುತ್ತು.

ಗಮನಿಸಿ, ಲೆಕ್ಕದ ಪ್ರಕಾರ ಎಂಜಿನ್ ನಿಲ್ಲಲಿಲ್ಲ. ವೇಗ ತಗ್ಗಿಸಿಕೊಂಡು ಬದುಕಿತು. ನಿಧಾನವಾಗಿ ತಿರುಗಿದಾಗ ಪ್ರತಿ ಹೊಡೆತಕ್ಕೂ ಪಡಿಯ ಪಾಲು ಹೆಚ್ಚು ಸಿಗುತ್ತದೆ. ಆದರೆ ಈ ರಕ್ಷಣೆಗೆ ಒಂದು ಅಂಚಿದೆ. ಹೊಡೆತಕ್ಕೆ ಒಂದೂವರೆ ಪಟ್ಟು ಗಾಳಿ ಸಿಗಬೇಕಾದರೆ ಥ್ರಾಟಲ್ ಆಚೆಯ ಒತ್ತಡ ಮೊದಲು 0.4 ವಾಯುಮಂಡಲ ಇದ್ದದ್ದು 0.6ಕ್ಕೆ ಏರಬೇಕು. 0.53 ದಾಟಿದ ಮೇಲೆ ಪಡಿಯೇ ಕುಗ್ಗಲಾರಂಭಿಸುತ್ತದೆ. ಕಾರ್ಬ್ಯುರೇಟರ್‌ನ ಐಡ್ಲಿಂಗ್ ರಂಧ್ರದಿಂದ ಪೆಟ್ರೋಲನ್ನು ಎಳೆಯುವುದೂ ಅದೇ ನಿರ್ವಾತ, ಅದೂ ಸಡಿಲವಾಗುತ್ತದೆ. ಸುತ್ತುತ್ತಿರುವ ಫ್ಲೈವೀಲ್‌ನ ಶಕ್ತಿ ವೇಗದ ವರ್ಗಕ್ಕೆ ಅನುಪಾತದಲ್ಲಿರುವುದರಿಂದ ಒಂದು ಹೊಡೆತದಿಂದ ಮುಂದಿನ ಹೊಡೆತಕ್ಕೆ ದಾಟಿಸುವ ಕಸುವೂ ಉಳಿಯುವುದಿಲ್ಲ. 3,000 ಸುತ್ತಿನಲ್ಲಿ ಇರುವ ಶಕ್ತಿಯ ಹದಿನಾಲ್ಕನೆಯ ಒಂದು ಪಾಲು ಮಾತ್ರ 800ರಲ್ಲಿ ಇರುತ್ತದೆ.

ಸ್ಪೋರ್ಟ್ಸ್ ಕಾರು ಈ ಅಂಚಿಗೆ ಹತ್ತಿರವೇ ಬಾಳುತ್ತದೆ. ಹೆಚ್ಚು ವೇಗದಲ್ಲಿ ಸರಾಗವಾಗಿ ಉಸಿರಾಡಲೆಂದು ಅದರ ಒಳಕವಾಟ, ಹೊರಕವಾಟಗಳು ತುಸು ಹೊತ್ತು ಒಟ್ಟಿಗೇ ತೆರೆದಿರುವಂತೆ ಮಾಡಿರುತ್ತಾರೆ. ಐಡ್ಲಿಂಗ್‌ನಲ್ಲಿ ಇದರಿಂದ ಸುಟ್ಟ ಹೊಗೆ ಹಿಂದಕ್ಕೆ ನುಗ್ಗಿ ನಿರ್ವಾತ ಕೆಡುತ್ತದೆ. ಬೇಗ ವೇಗ ಹಿಡಿಯಲೆಂದು ಫ್ಲೈವೀಲನ್ನೂ ಹಗುರ ಮಾಡಿರುತ್ತಾರೆ. ಓಟದಲ್ಲಿ ಗುಣವಾದದ್ದೆಲ್ಲ ನಿಂತಾಗ ದೋಷ!

ಮೂರು ಪರಿಹಾರಗಳು

ಈ ತೊಂದರೆಗೆ ಎಂಜಿನಿಯರುಗಳು ಕಂಡುಕೊಂಡ ಉತ್ತರಗಳನ್ನು ಮೂರು ಗುಂಪು ಮಾಡಬಹುದು.

ಒಂದು, ಹೊರೆಯನ್ನು ಕಳಚುವುದು. ಪ್ಯಾಕರ್ಡ್‌ನ ಬೆಲ್ಟ್ ಬಿಚ್ಚುವಿಕೆ, ನ್ಯಾಷ್‌ನ ಕ್ಲಚ್ ಈ ಜಾತಿಯವು. ಘಾಟಿ ಏರುವಾಗ ನಮ್ಮ ಚಾಲಕರು ಏಸಿ ಆರಿಸುವುದೂ ಇದೇ.

ಎರಡು, ಮುನ್ಸೂಚನೆ ಕೊಡುವುದು. ಏಸಿ ಗುಂಡಿ ಒತ್ತಿದಾಗಲೇ ಒಂದು ವಿದ್ಯುತ್ ಕವಾಟ ತೆರೆದು, ನಿರ್ವಾತದಿಂದ ನಡೆಯುವ ಪುಟ್ಟ ಡಯಾಫ್ರಮ್ ಥ್ರಾಟಲನ್ನು ಕೂದಲೆಳೆಯಷ್ಟು ಹೆಚ್ಚು ತೆರೆಯುತ್ತದೆ. ಗ್ಯಾರೇಜಿನವರು ಇದನ್ನು 'ಐಡಲ್ ಅಪ್' ಎನ್ನುತ್ತಾರೆ. ಕಾರ್ಬ್ಯುರೇಟರ್ ಕಾಲದ ಅನೇಕ ಕಾರುಗಳಲ್ಲಿ ಇದಿತ್ತು. ಆದರೆ ಇದು ಗವರ್ನರ್ ಅಲ್ಲ. ವೇಗವನ್ನು ಅಳೆಯುವುದೇ ಇಲ್ಲ. ಹೊರೆ ಇಷ್ಟೇ ಇರುತ್ತದೆ ಎಂದು ಊಹಿಸಿ ಪಡಿಯನ್ನು ಏರಿಸುತ್ತದೆ, ಅಷ್ಟೇ.

ಮೂರು, ಹಿಮ್ಮಾಹಿತಿ. 1979ರಲ್ಲಿ ಬಾಷ್ ಕಂಪನಿಯ ಮೋಟ್ರಾನಿಕ್ ವ್ಯವಸ್ಥೆ ಪೆಟ್ರೋಲು ಚಿಮ್ಮಿಸುವುದನ್ನೂ ಕಿಡಿ ಹಾರಿಸುವುದನ್ನೂ ಒಂದೇ ಗಣಕದ ಕೈಗೆ ಕೊಟ್ಟಿತು. ಅನಂತರದ ವರ್ಷಗಳಲ್ಲಿ ಇಂಥ ಗಣಕಗಳು ವೇಗವನ್ನು ಸತತವಾಗಿ ಅಳೆದು ಗಾಳಿಯ ಉಪಮಾರ್ಗವನ್ನು ತೆರೆದು ಮುಚ್ಚುವ ಕೆಲಸವನ್ನೂ ವಹಿಸಿಕೊಂಡವು. ಮ್ಯಾಕ್ಸ್‌ವೆಲ್ ಹೇಳಿದ ನಿಜವಾದ ಗವರ್ನರ್ ಕಾರಿನ ಐಡ್ಲಿಂಗ್‌ಗೆ ಹೀಗೆ ನೂರು ವರ್ಷ ದಾಟಿದ ಮೇಲೆ ಬಂತು. ನಮ್ಮ ದೇಶದಲ್ಲಿ 2000ರ ಹೊಗೆ ನಿಯಮಗಳ ಆಸುಪಾಸಿನಲ್ಲಿ ಕಾರ್ಬ್ಯುರೇಟರ್ ಹಿಂದೆ ಸರಿದು ಇಂಥ ಕಾರುಗಳು ಸಾಮಾನ್ಯವಾದವು.

ಈ ವಿಂಗಡಣೆಯಿಂದ ಏನು ಪ್ರಯೋಜನ? ದೋಷದ ಲಕ್ಷಣ ನೋಡಿದೊಡನೆ ಎಲ್ಲಿ ಹುಡುಕಬೇಕೆಂಬುದು ಹೊಳೆಯುತ್ತದೆ. ಏಸಿ ಹಾಕಿದಾಗ ವೇಗ ಇಳಿದು ಮೇಲೇಳದಿದ್ದರೆ ಮುನ್ಸೂಚನೆ ತಲುಪುತ್ತಿಲ್ಲ. ಗಣಕವಿರುವ ಕಾರಿನಲ್ಲಿ ವೇಗ ಏರಿಳಿಯುತ್ತಲೇ ಇದ್ದರೆ ಹಿಮ್ಮಾಹಿತಿ ದಾರಿ ತಪ್ಪಿದೆ. ಮುಂಜಾನೆ ಸರಿಯಿದ್ದು ಮಧ್ಯಾಹ್ನ ಮಾತ್ರ ಸೋತರೆ ಹೊರೆಯೇ ಅಳತೆ ಮೀರಿದೆ.

ಕಲಾದಗಿಯ ಗಾಡಿಗೆ ಏನಾಗಿತ್ತು?

ಕಾಕಾ ಮೊದಲು ಒಂದು ಗ್ಯಾರೇಜಿಗೆ ಹೋಗಿದ್ದರು. ಅಲ್ಲಿ ಎರಡು ಸಲ ಗ್ಯಾಸ್ ತುಂಬಿಸಿದರು. ಆಮೇಲೆ ಐಡ್ಲಿಂಗ್ ತಿರುಪನ್ನು ತಿರುಗಿಸಿ ವೇಗವನ್ನು 1,300ಕ್ಕೆ ಏರಿಸಿದರು. ಫಲವಾಗಿ ಗಾಡಿ ಪೆಟ್ರೋಲು ಕುಡಿಯತೊಡಗಿತು. ಕೀಲಿ ತೆಗೆದರೂ ಒಂದೆರಡು ಕ್ಷಣ ಗುಡುಗುಟ್ಟಿ ನಿಲ್ಲುತ್ತಿತ್ತು.

ಕಡೆಗೆ ಪಂಪ್‌ಸೆಟ್ಟು, ಟ್ರ್ಯಾಕ್ಟರ್ ರಿಪೇರಿ ಮಾಡುವ ಊರಿನ ಮಿಸ್ತ್ರಿಯೊಬ್ಬರನ್ನು ಕರೆಸಿದೆವು. ಅವರು ಮೊದಲು ತಿರುಪನ್ನು ಹಿಂದಿನ ಜಾಗಕ್ಕೆ ತಂದರು. ಏಸಿ ಇಲ್ಲದೆ ಎಂಜಿನ್ ಸರಿಯಾಗಿ ತಿರುಗುವುದನ್ನು ಖಚಿತ ಮಾಡಿಕೊಂಡರು. ಇಲ್ಲಿ ತಪ್ಪಿದ್ದರೆ ಅದು ಏಸಿಯ ದೋಷವೇ ಅಲ್ಲ; ಕಿಡಿ, ಕಾರ್ಬ್ಯುರೇಟರ್, ಗಾಳಿ ಸೋರಿಕೆಗಳ ಕಡೆ ನೋಡಬೇಕಾಗುತ್ತಿತ್ತು. ಆಮೇಲೆ ಏಸಿ ಹಾಕಿಸಿ ಥ್ರಾಟಲ್ ಪಕ್ಕದ ಡಯಾಫ್ರಮ್‌ನ ಸರಳನ್ನೇ ನೋಡುತ್ತ ನಿಂತರು. ಅದು ಅಲುಗಲಿಲ್ಲ. ಅದಕ್ಕೆ ಹೋಗುವ ರಬ್ಬರ್ ಕೊಳವೆಯನ್ನು ಬೆರಳಿನಿಂದ ಮಡಿಸಿದಾಗ ಉದ್ದಕ್ಕೂ ಬಿರುಕು ಕಾಣಿಸಿತು.

"ಗ್ಯಾಸಿಂದೇನೂ ತಪ್ಪಿಲ್ರಿ ಸರ್, ಗಾಳಿದು ತಪ್ಪೈತಿ" ಎಂದರು. ಭೌತಶಾಸ್ತ್ರದ ಪಾಠವನ್ನು ಇಷ್ಟು ಚಿಕ್ಕದಾಗಿ ನಾನು ಎಂದೂ ಹೇಳಿರಲಿಲ್ಲ.

ಕೊಳವೆ ಬದಲಿಸಿದರೂ ಮಧ್ಯಾಹ್ನದ ನಡುಕ ಪೂರ್ತಿ ಹೋಗಲಿಲ್ಲ. ಆಗ ಮಿಸ್ತ್ರಿ ಒಂದು ಕೊಡ ನೀರು ತರಿಸಿ, ಫ್ಯಾನಿನಿಂದ ದೂರ ನಿಂತು, ಕಾರಿನ ಮುಂಭಾಗದ ಸಾಂದ್ರಕದ ಮೇಲೆ ನಿಧಾನವಾಗಿ ಸುರಿದರು. ಕೆಲವೇ ಕ್ಷಣಗಳಲ್ಲಿ ಎಂಜಿನ್ನಿನ ಸದ್ದು ಬದಲಾಯಿತು. ಥೇಟ್ ಗಿರಣಿಯ ಎಂಜಿನ್ ದಮ್ಮು ಹಿಡಿದಂತೆ!

ಕಾರಣ ಸರಳ. ಅನಿಲ ದ್ರವವಾಗಿ ಶಾಖ ಬಿಡುವ ಜಾಗವೇ ಸಾಂದ್ರಕ. ಅದರ ಉಷ್ಣತೆ ಏರಿದಂತೆ ಒತ್ತಡವೂ ಏರುತ್ತದೆ. ಇಂದಿನ ಆರ್-134ಎ ದ್ರವದ ಬಾಷ್ಪ ಒತ್ತಡ 50 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 13 ಬಾರ್. 60 ಡಿಗ್ರಿಯಲ್ಲಿ ಸುಮಾರು 17. ಒತ್ತಡ ಏರಿದರೆ ಸಂಪೀಡಕದ ಹೊರೆ ಏರುತ್ತದೆ, ಎಂಜಿನ್ ನಿಧಾನವಾಗುತ್ತದೆ, ಎಂಜಿನ್ನಿಗೆ ಜೋಡಿಸಿದ ಫ್ಯಾನೂ ನಿಧಾನವಾಗುತ್ತದೆ, ಸಾಂದ್ರಕ ಇನ್ನಷ್ಟು ಕಾಯುತ್ತದೆ. ಗವರ್ನರ್‌ನ ಹಿಮ್ಮಾಹಿತಿ ತಪ್ಪನ್ನು ತಿದ್ದಿದರೆ ಈ ವಿಷಚಕ್ರ ತಪ್ಪನ್ನು ಬೆಳೆಸುತ್ತದೆ. ಕಾರಿನ ಸಾಂದ್ರಕದ ರೆಕ್ಕೆಗಳ ನಡುವೆ ಕಪ್ಪು ಮಣ್ಣಿನ ಧೂಳೂ ಜೋಳದ ಹೊಟ್ಟೂ ತುಂಬಿಕೊಂಡಿದ್ದವು.

ಹಾಗಾದರೆ ಮುಂಬೈಯಲ್ಲಿ ಏಕೆ ತೊಂದರೆಯಿರಲಿಲ್ಲ? ಐಡ್ಲಿಂಗ್ ಹದ ಮಾಡಿದ್ದು ಜನವರಿಯಲ್ಲಿ, ಸಮುದ್ರಮಟ್ಟದಲ್ಲಿ, 25 ಡಿಗ್ರಿ ಆಸುಪಾಸಿನಲ್ಲಿ. ಕಲಾದಗಿ ಸಮುದ್ರಮಟ್ಟದಿಂದ 500 ಮೀಟರಿಗೂ ಮೇಲಿದೆ. ಇಲ್ಲಿ ವಾಯು ಒತ್ತಡ ಶೇಕಡಾ 6ರಷ್ಟು ಕಡಿಮೆ. ಸಂದಿನ ಮೂಲಕ ಹಾಯುವ ಗಾಳಿಯ ರಾಶಿ ಒತ್ತಡಕ್ಕೆ ನೇರ ಅನುಪಾತದಲ್ಲೂ ನಿರಪೇಕ್ಷ ಉಷ್ಣತೆಯ ವರ್ಗಮೂಲಕ್ಕೆ ವಿಲೋಮ ಅನುಪಾತದಲ್ಲೂ ಇರುತ್ತದೆ. 40 ಡಿಗ್ರಿಯ ಬಿಸಿಲಿಗೆ ಇದನ್ನು ಲೆಕ್ಕ ಹಾಕಿದರೆ ಪಡಿಯಲ್ಲಿ ಒಟ್ಟು ಶೇಕಡಾ 8ರ ಕಡಿತ ಸಿಗುತ್ತದೆ. ಹೊರೆ ಹೆಚ್ಚಿತು, ಪಡಿ ತಗ್ಗಿತು, ಮುನ್ಸೂಚನೆ ತಲುಪಲಿಲ್ಲ. ಮೂರೂ ಸೇರಿದಾಗ ಎಂಜಿನ್ ಅಂಚು ದಾಟಿತು. ಒಂದು ಅಡಿ ರಬ್ಬರ್ ಕೊಳವೆ, ಒಂದಿಷ್ಟು ನೀರು, ತಿರುಪಿನ ಸಣ್ಣ ತಿದ್ದುಪಡಿ: ಇಷ್ಟರಿಂದ ಗಾಡಿ ಸರಿಹೋಯಿತು. ಕಾಕಾ ಅದನ್ನು ಮಾರಲಿಲ್ಲ.

ಗ್ಯಾಸಿನ ಕಥೆಗೆ ಬಾಲ

ಆ ಎರಡು ಬಾರಿಯ ಗ್ಯಾಸ್ ತುಂಬುವಿಕೆ ದುಡ್ಡಿನ ನಷ್ಟ ಮಾತ್ರವಲ್ಲ. ಮಿಡ್ಜ್‌ಲಿಯ ಆರ್-12 ಮೇಲ್ವಾಯುಮಂಡಲದಲ್ಲಿ ಒಡೆದು ಓಝೋನ್ ಪದರವನ್ನು ಕೊರೆಯುತ್ತದೆ ಎಂದು ಮೊಲಿನಾ ಮತ್ತು ರೋಲ್ಯಾಂಡ್ 1974ರಲ್ಲಿ ಎಚ್ಚರಿಸಿದರು. 1987ರ ಮಾಂಟ್ರಿಯಲ್ ಒಪ್ಪಂದದಿಂದಾಗಿ 1990ರ ದಶಕದಲ್ಲಿ ಹೊಸ ಕಾರುಗಳು ಆರ್-134ಎಗೆ ಬದಲಾದವು. ಭಾರತ ಸೇರಿದಂತೆ ಅಭಿವೃದ್ಧಿಶೀಲ ದೇಶಗಳಿಗೆ 2010 ಗಡುವಾಗಿತ್ತು. ಹೊಸ ಅನಿಲ ಓಝೋನಿಗೆ ಹಾನಿ ಮಾಡದಿದ್ದರೂ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಇಂಗಾಲದ ಡೈ ಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಮಿಗಿಲು. 2016ರ ಕಿಗಾಲಿ ತಿದ್ದುಪಡಿ ಇಂಥವನ್ನೂ ಕಡಿಮೆ ಮಾಡಲು ಹೇಳುತ್ತದೆ. ಇನ್ನೊಂದು ಮಾತು: 60 ಡಿಗ್ರಿಯಲ್ಲಿ ಆರ್-12ರ ಒತ್ತಡ ಸುಮಾರು 15 ಬಾರ್ ಮಾತ್ರ. ಹಳೆಯ ಕಾರಿಗೆ ಹೊಸ ಅನಿಲ ತುಂಬಿಸಿದವರು ಬಿಸಿಲಲ್ಲಿ ಹೊರೆ ಹೆಚ್ಚುವುದನ್ನು ನಿರೀಕ್ಷಿಸಬೇಕು. ಕಾಕಾ ಅವರ ಕಾರಿನಲ್ಲೂ ಹಾಗೆಯೇ ಅನಿಲ ಬದಲಿಸಲಾಗಿತ್ತು. ಕಾರಣ ತಿಳಿಯದೆ ಅನಿಲವನ್ನು ಬಿಟ್ಟು ತುಂಬುವುದು ಎಲ್ಲ ರೀತಿಯಿಂದಲೂ ತಪ್ಪು.

ತರಗತಿಯಲ್ಲಿ ಮಾಡಿ ನೋಡಿ

ಡೈನಮೊ ಇರುವ ಸೈಕಲ್ಲನ್ನು ಸ್ಟ್ಯಾಂಡ್ ಹಾಕಿ ನಿಲ್ಲಿಸಿ. ಹಿಂದಿನ ಚಕ್ರವನ್ನು ಜೋರಾಗಿ ತಿರುಗಿಸಿ ಕೈಬಿಡಿ, ಬೆರಳುಗಳನ್ನು ಕಡ್ಡಿಗಳಿಂದ ದೂರವಿಟ್ಟು ಡೈನಮೊವನ್ನು ಟೈರಿಗೆ ತಾಗಿಸಿ. ಚಕ್ರ ಕೆಲವು ಸುತ್ತು ಓಡುತ್ತದೆ. ಈಗ ಮೆಲ್ಲಗೆ ತಿರುಗಿಸಿ ಹಾಗೆಯೇ ಮಾಡಿ. ತಕ್ಷಣ ನಿಲ್ಲುತ್ತದೆ. ಇನ್ನೊಬ್ಬ ವಿದ್ಯಾರ್ಥಿ ಪೆಡಲ್ ತುಳಿಯುತ್ತ ವೇಗ ಸ್ಥಿರವಾಗಿರುವಂತೆ ನೋಡಿಕೊಳ್ಳಲಿ, ಅವನೇ ಗವರ್ನರ್. ಡೈನಮೊ ತಾಗಿಸುವ ಮೊದಲೇ "ಈಗ!" ಎಂದು ಕೂಗಿ ಹೇಳಿ, ಅದು ಮುನ್ಸೂಚನೆ. ಮುಂದಿನ ಸಲ ಹೇಳದೆ ತಾಗಿಸಿ. ಎರಡರಲ್ಲಿ ಯಾವಾಗ ವೇಗ ಹೆಚ್ಚು ಇಳಿಯಿತು, ಏಕೆ ಎಂದು ವಿದ್ಯಾರ್ಥಿಗಳನ್ನು ಕೇಳಿ. ನಿಮ್ಮೂರಿನಲ್ಲಿ ಡೀಸೆಲ್ ಎಂಜಿನ್ನಿನ ಗಿರಣಿ ಇನ್ನೂ ಉಳಿದಿದ್ದರೆ, ಅವರನ್ನು ಅಲ್ಲಿಗೂ ಒಮ್ಮೆ ಕರೆದುಕೊಂಡು ಹೋಗಿ.